ಅರೆತಲೆನೋವು

ಅರೆತಲೆನೋವು ಅಥವಾ ಮೈಗ್ರೇನ್ ಮರುಕಳಿಸುತ್ತ ಬರುವ ಮಿದುಳಿನ ಕಾಯಿಲೆ. ತಲೆ ನೋಯುವುದು ಅದರ ಒಂದು ಲಕ್ಷಣ ಮಾತ್ರ. ವಾಕರಿಕೆ, ವಾಂತಿ, ಬೆಳಕನ್ನೂ ಸದ್ದನ್ನೂ ತಾಳಲಾಗದಿರುವುದು, ಎದ್ದು ಓಡಾಡಿದರೆ ನೋವು ಹೆಚ್ಚುವುದು, ಮಾತು ಯೋಚನೆಗಳು ಮಂಕಾಗುವುದು, ಇವೆಲ್ಲ ಕೂಡಿದ ಸ್ಥಿತಿಗೆ ಈ ಹೆಸರು. ಒಂದು ಸಲ ಹಿಡಿದರೆ ನಾಲ್ಕು ಗಂಟೆಯಿಂದ ಮೂರು ದಿನದವರೆಗೆ ಇರಬಹುದು. ಬಿಟ್ಟ ಮೇಲೆ ಮನುಷ್ಯ ಮೊದಲಿನಂತೆಯೇ ಕಾಣುತ್ತಾನೆ. ರಕ್ತಪರೀಕ್ಷೆಯಲ್ಲೂ ಮಿದುಳಿನ ಸ್ಕ್ಯಾನಿನಲ್ಲೂ ದೋಷ ಕಾಣುವುದಿಲ್ಲ. ಹೀಗಾಗಿಯೇ ಮನೆಯವರಿಗೆ ಇದು ನೆಪದಂತೆ ತೋರುವುದುಂಟು. ಅಂಥ ಅನುಮಾನಕ್ಕೆ ಆಧಾರವಿಲ್ಲ. ಜಗತ್ತಿನಲ್ಲಿ ಜನರ ಬದುಕಿನ ದಿನಗಳನ್ನು ದುಡಿಮೆಗೆ ಬಾರದಂತೆ ಮಾಡುವ ಕಾಯಿಲೆಗಳ ಸಾಲಿನಲ್ಲಿ 2019ರ ಅಂದಾಜಿನಂತೆ ಮೈಗ್ರೇನಿಗೆ ಎರಡನೆಯ ಸ್ಥಾನವಿತ್ತು; ಹದಿನೈದರಿಂದ ನಲವತ್ತೊಂಬತ್ತರ ವಯಸ್ಸಿನ ಹೆಂಗಸರಲ್ಲಿ ಮೊದಲನೆಯದು.

ಲಕ್ಷಣಗಳು

ನೋವು ಬರುವ ಕೆಲವು ಗಂಟೆ ಮೊದಲು, ಕೆಲವರಿಗೆ ಒಂದೆರಡು ದಿನ ಮೊದಲು, ಮೈ ಸೂಚನೆ ಕೊಡುತ್ತದೆ: ಮೇಲಿಂದ ಮೇಲೆ ಆಕಳಿಕೆ, ಕುತ್ತಿಗೆ ಬಿಗಿತ, ಸಿಡುಕು, ಸಿಹಿ ತಿನ್ನುವ ಆಸೆ, ಪದೇ ಪದೇ ಮೂತ್ರ. ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಜನರಿಗೆ ಇದರ ಮೇಲೆ ಮುನ್ಸೆಳಕೂ (ಆರಾ) ಕಾಣಿಸಿಕೊಳ್ಳುತ್ತದೆ. ಕಣ್ಣ ಮುಂದೆ ಮಿನುಗುವ ಅಂಕುಡೊಂಕು ಗೆರೆ ಹುಟ್ಟಿ, ನಿಧಾನವಾಗಿ ಹರಡಿ, ನಡುವೆ ಒಂದು ಭಾಗ ಕಾಣದಂತಾಗುತ್ತದೆ. ಇಲ್ಲವೆ ಬೆರಳ ತುದಿಯಲ್ಲಿ ಜುಮ್ಮೆಂದು ತೋಳು, ತುಟಿಯವರೆಗೆ ಏರುತ್ತದೆ. ಇದು ಐದು ನಿಮಿಷದಿಂದ ಒಂದು ಗಂಟೆಯೊಳಗೆ ಮಾಯವಾಗುತ್ತದೆ. ನಿಧಾನವಾಗಿ ಹರಡುವುದೇ ಇದರ ಗುರುತು. ಲಕ್ವದ ಲಕ್ಷಣಗಳಾದರೋ ಒಮ್ಮೆಲೆ ಬಂದೆರಗುತ್ತವೆ.

ನೋವಿನ ಹಂತದಲ್ಲಿ ಕಣತಲೆ ತಟತಟನೆ ಮಿಡಿಯುತ್ತದೆ. ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರ ಕಡೆಯ ಮಾತಿನಲ್ಲಿ ‘ತಲಿ ಸಿಡಿಲಾಕತ್ತದ’ ಎನ್ನುವುದು ಈ ಮಿಡಿತವನ್ನೇ. ಹೆಸರಿನಲ್ಲಿ ‘ಅರೆ’ ಇದ್ದರೂ ಎಷ್ಟೋ ಜನರಿಗೆ ಎರಡೂ ಬದಿ ನೋಯುತ್ತದೆ. ಮಕ್ಕಳಲ್ಲಂತೂ ಹಣೆಯುದ್ದಕ್ಕೂ ನೋಯುವುದೇ ಹೆಚ್ಚು, ಅವರ ನೋವಿನ ಅವಧಿಯೂ ಚಿಕ್ಕದು. ವಾಂತಿಯಾದ ಮೇಲೆ ಕೆಲವರಿಗೆ ಹಗುರವಾಗುವುದರಿಂದ ಪಿತ್ತವೇ ಕಾರಣವೆಂಬ ನಂಬಿಕೆ ಗಟ್ಟಿಯಾಗಿ ನಿಂತಿದೆ. ವಾಂತಿಯೂ ತಲೆನೋವೂ ಮಿದುಳಿನ ಒಂದೇ ಕೆರಳಿಕೆಯ ಎರಡು ಫಲಗಳು. ಹೊಟ್ಟೆಯಲ್ಲಿ ಹುಟ್ಟಿ ತಲೆಗೇರುವ ರೋಗವಲ್ಲ ಇದು. ನೋವು ಇಳಿದ ಮರುದಿನವೂ ಮೈ ಸೋತಂತೆ, ತಲೆ ಟೊಳ್ಳಾದಂತೆ ಇರುತ್ತದೆ. ಹೊಲದ ಕೂಲಿಯ ಲೆಕ್ಕದಲ್ಲಿ ಆ ದಿನವೂ ಹೋದ ದಿನವೇ.

ಈ ಲಕ್ಷಣಗಳ ಐದು ಪ್ರಸಂಗಗಳಾದರೂ ಕಂಡಿದ್ದು, ಬೇರೆ ಕಾಯಿಲೆಯ ಕುರುಹಿಲ್ಲದಿದ್ದರೆ ಮೈಗ್ರೇನ್ ಎಂದು ನಿರ್ಣಯಿಸುತ್ತಾರೆ. ಅದಕ್ಕೆ ಬೇಕಾದದ್ದು ಕೂತು ಕೇಳುವ ವೈದ್ಯರು, ಯಂತ್ರವಲ್ಲ. ಮೂಗಿನ ಪಕ್ಕ ನೋಯುತ್ತದೆಂದು ಸೈನಸ್ ಔಷಧ, ಕಣ್ಣಿನ ಹಿಂದೆ ನೋಯುತ್ತದೆಂದು ಕನ್ನಡಕ, ಹೀಗೆ ವರ್ಷಗಳು ಕಳೆಯುವುದು ಸಾಮಾನ್ಯ. ಕಣ್ಣು ಪರೀಕ್ಷೆ ಮಾಡಿಸುವುದು ಒಳ್ಳೆಯದೇ. ಆದರೆ ವಾಂತಿ ತರಿಸಿ ಕತ್ತಲೆ ಕೋಣೆ ಹಿಡಿಸುವ ತಲೆನೋವು ಕನ್ನಡಕದಿಂದ ಹೋಗುವುದು ಅಪರೂಪ.

ಮಿದುಳಿನಲ್ಲಿ ನಡೆಯುವುದು

ಬಹುಕಾಲ ಇದನ್ನು ರಕ್ತನಾಳಗಳು ಹಿಗ್ಗುವ ಕಾಯಿಲೆಯೆಂದು ತಿಳಿಯಲಾಗಿತ್ತು. ಬ್ರೆಜಿಲಿನ ಅರಿಸ್ಟಿಡೆಸ್ ಲಿಯಾಒ 1944ರಲ್ಲಿ, ಪ್ರಾಣಿಗಳ ಮಿದುಳಿನ ಹೊರಪದರದ ಮೇಲೆ ವಿದ್ಯುತ್ ಚಟುವಟಿಕೆ ಅಡಗಿಹೋಗುವ ಅಲೆಯೊಂದು ನಿಮಿಷಕ್ಕೆ ಕೆಲವೇ ಮಿಲಿಮೀಟರ್ ವೇಗದಲ್ಲಿ ಸಾಗುವುದನ್ನು ವರ್ಣಿಸಿದರು. ಮುನ್ಸೆಳಕು ಹರಡುವ ವೇಗಕ್ಕೂ ಇದಕ್ಕೂ ತಾಳೆಯಾಗುತ್ತದೆ. ನೋವು ಹುಟ್ಟುವುದು ಮಿದುಳಿನ ಹೊದಿಕೆಯ ರಕ್ತನಾಳಗಳನ್ನು ಸುತ್ತಿರುವ ಟ್ರೈಜೆಮಿನಲ್ ನರದ ಎಳೆಗಳಲ್ಲಿ. ಕೆರಳಿದ ಈ ಎಳೆಗಳು ಸಿಜಿಆರ್‌ಪಿ ಎಂಬ ಪೆಪ್ಟೈಡನ್ನು ಸುರಿಸುತ್ತವೆ. ಅದರ ಪಾತ್ರವನ್ನೂ ಈ ನರಮಾರ್ಗವನ್ನೂ ಬಿಡಿಸಿ ತೋರಿಸಿದ ಲಾರ್ಸ್ ಎಡ್ವಿನ್ಸನ್, ಪೀಟರ್ ಗೋಡ್ಸ್‌ಬಿ, ಮೈಕೇಲ್ ಮಾಸ್ಕೊವಿಟ್ಜ್, ಯೆಸ್ ಓಲೆಸೆನ್ ಈ ನಾಲ್ವರಿಗೆ 2021ರ ಬ್ರೇನ್ ಪ್ರಶಸ್ತಿ ಬಂದಿತು.

ಈ ಕೆರಳುವ ಗುಣ ಬಹುಮಟ್ಟಿಗೆ ಹುಟ್ಟಿನಿಂದ ಬರುತ್ತದೆ. ತಾಯಿ, ಅಕ್ಕ, ಸೋದರತ್ತೆ ಹೀಗೆ ಒಂದೇ ಮನೆಯಲ್ಲಿ ಹಲವರಿಗಿರುವುದು ಇದರಿಂದಲೇ. ಬಾಲ್ಯದಲ್ಲಿ ಗಂಡು, ಹೆಣ್ಣು ಮಕ್ಕಳಿಗೆ ಸುಮಾರು ಸಮವಾಗಿದ್ದು, ಮೈನೆರೆದ ಮೇಲೆ ಹೆಂಗಸರಲ್ಲಿ ಎರಡು ಮೂರು ಪಟ್ಟಾಗುತ್ತದೆ. ಮುಟ್ಟು ನಿಂತ ಮೇಲೆ ಹಲವರಿಗೆ ಇಳಿಯುತ್ತದೆ.

ಭಾರತೀಯ ವೈದ್ಯಕ್ಕೆ ಈ ರೋಗ ಹೊಸದಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರ ಹನ್ನೊಂದು ಶಿರೋರೋಗಗಳನ್ನು ಹೇಳಿ, ಅರ್ಧಾವಭೇದಕವನ್ನು ಅವುಗಳಲ್ಲಿ ಎಣಿಸುತ್ತದೆ. ತಲೆಯ ಅರ್ಧ ಭಾಗವನ್ನು ಸೀಳುವಂಥ ನೋವು ಹತ್ತು ದಿನಕ್ಕೋ ಹದಿನೈದು ದಿನಕ್ಕೋ ಅಥವಾ ಅಕಸ್ಮಾತ್ತಾಗಿಯೋ ಬರುತ್ತದೆಂಬ ಅದರ ವಿವರಣೆ ನಿಖರವಾದ ಅವಲೋಕನ. ಚರಕ ಸಂಹಿತೆಯ ಸಿದ್ಧಿಸ್ಥಾನ ಕಾರಣಗಳಾಗಿ ಒಣ ಆಹಾರ, ಮೂಡಣ ಗಾಳಿ, ಮಂಜು, ಮಲಮೂತ್ರಗಳ ತಡೆ, ಅತಿಶ್ರಮಗಳನ್ನು ಹೆಸರಿಸುತ್ತದೆ. ಹೊತ್ತೇರಿದಂತೆ ಏರಿ ಸಂಜೆಗೆ ಇಳಿಯುವ ಸೂರ್ಯಾವರ್ತವನ್ನು ಈ ಗ್ರಂಥಗಳು ಬೇರೆಯಾಗಿ ಇರಿಸುತ್ತವೆ.

ಕರ್ನಾಟಕದ ಸಮೀಕ್ಷೆ

ಭಾರತದಲ್ಲಿ ತಲೆನೋವಿನ ಪ್ರಮಾಣವನ್ನು ಮನೆಮನೆಗೆ ಹೋಗಿ ಅಳೆದ ಮಹತ್ವದ ಕೆಲಸ ನಡೆದದ್ದು ಕರ್ನಾಟಕದಲ್ಲಿ. ಬೆಂಗಳೂರಿನ ನಿಮ್ಹಾನ್ಸ್‌ನ ಜಿ. ಗುರುರಾಜ್, ಗಿರೀಶ್ ಎನ್. ರಾವ್, ಗಿರೀಶ್ ಬಿ. ಕುಲಕರ್ಣಿ ಮೊದಲಾದವರು ತಲೆನೋವಿನ ವಿರುದ್ಧದ ಜಾಗತಿಕ ಅಭಿಯಾನದೊಂದಿಗೆ ಸೇರಿ, 2009–10ರಲ್ಲಿ ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳ 18ರಿಂದ 65 ವಯಸ್ಸಿನ 2,329 ಜನರನ್ನು ವಿಚಾರಿಸಿದರು. ಹಿಂದಿನ ಒಂದು ವರ್ಷದಲ್ಲಿ ತಲೆನೋವು ಬಂದವರು ಶೇ 63.9, ಮೈಗ್ರೇನ್ ಇದ್ದವರು ಶೇ 25.2. ಜಗತ್ತಿನ ಸರಾಸರಿ ಸುಮಾರು ಶೇ 14–15 ಎಂಬುದನ್ನು ನೆನೆದರೆ ಇದು ದೊಡ್ಡ ಸಂಖ್ಯೆ. ಒತ್ತಡದ ಪಟ್ಟಣದವರ ಕಾಯಿಲೆ ಎಂಬ ಎಣಿಕೆಯನ್ನೂ ಈ ಸಮೀಕ್ಷೆ ಸುಳ್ಳಾಗಿಸಿತು: ತಲೆನೋವು ನಗರಕ್ಕಿಂತ ಹಳ್ಳಿಗಳಲ್ಲೇ ಹೆಚ್ಚು ಕಂಡಿತು.

ಕೆರಳಿಸುವ ಸಂದರ್ಭಗಳು

ಕೆರಳುವ ಗುಣ ಒಳಗಿದ್ದವರಿಗೆ ಹೊರಗಿನ ಏರುಪೇರು ನೋವನ್ನು ಎಬ್ಬಿಸುತ್ತದೆ. ಊಟ ತಪ್ಪುವುದು, ನಿದ್ದೆ ಕೆಡುವುದು, ಮೈಯಲ್ಲಿ ನೀರು ಕಡಿಮೆಯಾಗುವುದು, ಪ್ರಖರ ಬೆಳಕು, ಬಿಸಿಲು, ಮುಟ್ಟು, ಚಿಂತೆ, ಚಿಂತೆ ಕಳೆದ ಮೊದಲ ಬಿಡುವು, ಇವು ಎಲ್ಲ ದೇಶಗಳಲ್ಲೂ ಹೇಳುವ ಕಾರಣಗಳು. ಸುರಪುರ ತಾಲ್ಲೂಕಿನ ಬೋನಾಳ ಕೆರೆಯ ಸುತ್ತಣ ಹಳ್ಳಿಗಳಲ್ಲಿ, ಒಟ್ಟಾರೆ ಯಾದಗಿರಿ ಜಿಲ್ಲೆಯ ಬಯಲಿನಲ್ಲಿ, ಇವು ದಿನದ ಬದುಕಿನೊಳಗೇ ಹೆಣೆದುಕೊಂಡಿವೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹತ್ತಿ ಬಿಡಿಸುವ, ತೊಗರಿ ಕೊಯ್ಯುವ ಹೆಂಗಸರು ನಸುಕಿನಲ್ಲೇ ಎದ್ದು, ಅಡಿಗೆ ಮುಗಿಸಿ, ತಾವು ಉಣ್ಣದೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಬಯಲಲ್ಲಿ ಮೂತ್ರಕ್ಕೆ ಮರೆಯಿಲ್ಲದ್ದರಿಂದ ನೀರು ಕುಡಿಯುವುದನ್ನೂ ತಡೆಯುತ್ತಾರೆ. ನಾರಾಯಣಪುರ ಕಾಲುವೆಯ ನೀರು ಬಂದ ಕಡೆ ಭತ್ತದ ಸಸಿ ಹಚ್ಚುವಾಗ ದಿನವಿಡೀ ತಲೆ ಬಗ್ಗಿಸಿ ದುಡಿಯಬೇಕು. ಪಂಪ್‌ಸೆಟ್ಟಿಗೆ ಕರೆಂಟು ರಾತ್ರಿ ಪಾಳಿಯಲ್ಲಿ ಬಂದಾಗ ನೀರು ಹಾಯಿಸುವ ಗಂಡಸರ ನಿದ್ದೆ ಹೋಗುತ್ತದೆ. ಬೆಂಗಳೂರಿಗೋ ಮುಂಬಯಿಗೋ ಗುಳೆ ಹೋಗಿ ಕಟ್ಟಡ ಕೆಲಸಕ್ಕೆ ಸೇರಿದವರಿಗೆ ಊಟ, ನಿದ್ದೆಗಳ ಹೊತ್ತು ತಮ್ಮ ಕೈಯಲ್ಲಿರುವುದಿಲ್ಲ. ಇಂಥವರಿಗೆ ‘ಕಾರಣಗಳಿಂದ ದೂರವಿರಿ’ ಎಂದು ಚೀಟಿ ಬರೆದು ಕೊಡುವುದರಿಂದ ಏನೂ ಆಗದು. ಆಗುವುದು ಚಿಕ್ಕ ಮಾರ್ಪಾಡುಗಳಿಂದ: ಹೊಲಕ್ಕೆ ಹೊರಡುವ ಮುನ್ನ ಒಂದು ರೊಟ್ಟಿಯಾದರೂ ತಿನ್ನುವುದು, ಮಜ್ಜಿಗೆ ಅಥವಾ ಅಂಬಲಿ ಒಯ್ಯುವುದು, ತಲೆಗೆ ಅಗಲವಾದ ವಸ್ತ್ರ, ಮಲಗುವ ಏಳುವ ಹೊತ್ತು ಆದಷ್ಟೂ ಒಂದೇ ಇರುವುದು.

ಉಪವಾಸದ ವಿಷಯ ಬೇರೆಯೇ. ಶ್ರಾವಣದ ಸೋಮವಾರ, ಏಕಾದಶಿ, ರಂಜಾನಿನ ರೋಜಾ ಈ ದಿನಗಳಲ್ಲಿ ಮಧ್ಯಾಹ್ನ ದಾಟಿದ ಮೇಲೆ ಹಲವರಿಗೆ ನೋವು ಬರುತ್ತದೆ. ಹಸಿವಿನ ಜೊತೆಗೆ, ದಿನಕ್ಕೆ ನಾಲ್ಕೈದು ಸಲ ಕುಡಿಯುವ ಚಹಾ ಒಮ್ಮೆಲೆ ನಿಲ್ಲುವುದೂ ಕಾರಣ. ವ್ರತಕ್ಕೆ ವಾರವಿರುವಂತೆಯೇ ಚಹಾ ಇಳಿಸುತ್ತ ಬಂದರೆ ಅರ್ಧ ತೊಂದರೆ ತಪ್ಪುತ್ತದೆ. ರೋಜಾ ಹಿಡಿಯುವವರು ನಸುಕಿನ ಊಟವಾದ ಸಹರಿಯನ್ನು ಬಿಡದೆ ಉಣ್ಣುವುದು ಮುಖ್ಯ.

ತಲೆ ಎರೆದುಕೊಂಡ ದಿನ ತಲೆನೋವು ಬರುತ್ತದೆಂಬ ಹೆಂಗಸರ ಮಾತನ್ನು ವೈದ್ಯಲೋಕ ಬಹುಕಾಲ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮುಂಬಯಿಯ ತಲೆನೋವು ತಜ್ಞ ಕೆ. ರವಿಶಂಕರ್ 2006ರಲ್ಲಿ ಇಂಥ 94 ರೋಗಿಗಳ ವಿವರವನ್ನು ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ, ಭಾರತೀಯರಲ್ಲಿ ಇದು ನಿಜವಾದ ಪ್ರಚೋದಕವೆಂದು ದಾಖಲಾಯಿತು. ಖಾಲಿ ಹೊಟ್ಟೆಯಲ್ಲಿ ಎರೆದುಕೊಳ್ಳದಿರುವುದು, ಕೂದಲನ್ನು ಬೇಗ ಒಣಗಿಸುವುದು ಸಹಾಯಕ. ಪ್ರತಿ ಸಲವೂ ತಪ್ಪದೆ ಬರುವವರಿಗೆ ಮುಂಚೆಯೇ ಒಂದು ಮಾತ್ರೆ ತೆಗೆದುಕೊಳ್ಳಲು ವೈದ್ಯರು ಹೇಳುವುದುಂಟು.

ಆಹಾರದ ಮೇಲೆ ಹೊರಿಸುವ ಆರೋಪಗಳಲ್ಲಿ ಬಹುಪಾಲು ನಿಲ್ಲುವುದಿಲ್ಲ. ಬದನೆ, ಶೇಂಗಾ, ಮೊಸರು ಎಂದು ಒಂದೊಂದನ್ನೇ ಬಿಡುತ್ತ ಹೋದವರು ಬಡಕಲಾಗುತ್ತಾರೆ, ನೋವು ಮಾತ್ರ ಉಳಿಯುತ್ತದೆ. ಸಿಹಿ ತಿಂದದ್ದರಿಂದ ನೋವು ಬಂತೆಂದು ತೋರಿದಾಗ, ಸಿಹಿಯ ಆಸೆಯೇ ಆಗಲೇ ಶುರುವಾಗಿದ್ದ ನೋವಿನ ಮುನ್ಸೂಚನೆಯಾಗಿರಬಹುದು. ಕೀಟನಾಶಕ ಸಿಂಪಡಿಸಿದ ದಿನ ಬರುವ ತಲೆನೋವನ್ನು ಮಾತ್ರ ಮೈಗ್ರೇನೆಂದು ತಳ್ಳಿಹಾಕಬಾರದು. ಬೆವರು, ಜೊಲ್ಲು, ಕಣ್ಣು ಮಂಜಾಗುವುದು ಜೊತೆಗಿದ್ದರೆ ಅದು ವಿಷಬಾಧೆ, ಆಸ್ಪತ್ರೆಗೆ ಒಯ್ಯಬೇಕು.

ನೋವು ಬಂದಾಗ

ಕತ್ತಲೆ, ನಿಶ್ಶಬ್ದ, ನಿದ್ದೆ ಇವು ಹಳೆಯ ಮತ್ತು ಇಂದಿಗೂ ಒಳ್ಳೆಯ ಮದ್ದು. ಹಣೆಗೆ ತಣ್ಣೀರ ಬಟ್ಟೆ, ತಲೆಗೆ ಬಿಗಿಯಾಗಿ ವಸ್ತ್ರ ಕಟ್ಟುವುದು, ನೆತ್ತಿಗೆ ಔಡಲ ಎಣ್ಣೆ ತಿಕ್ಕುವುದು, ಶುಂಠಿ ಕಷಾಯ, ಗಂಧದ ಲೇಪ ಇವು ಮನೆಮನೆಯ ಉಪಚಾರಗಳು. ತಂಪು ಮತ್ತು ಒತ್ತಡ ಕೆಲಹೊತ್ತು ನೋವನ್ನು ಮಂದಗೊಳಿಸುತ್ತವೆ. ಶುಂಠಿ ವಾಕರಿಕೆಗೆ ಒಳ್ಳೆಯದು. ಮೈಗ್ರೇನಿಗೂ ಅಲ್ಪಸ್ವಲ್ಪ ಉಪಯೋಗವೆಂದು ಸಣ್ಣ ಪ್ರಯೋಗಗಳು ತೋರಿಸಿವೆ. 1893ರಲ್ಲಿ ಕಾಶೀನಾಥುನಿ ನಾಗೇಶ್ವರರಾವ್ ಮುಂಬಯಿಯಲ್ಲಿ ಆರಂಭಿಸಿದ ಅಮೃತಾಂಜನ ಮತ್ತು ಅಂಥ ಮುಲಾಮುಗಳ ಮೆಂಥಾಲ್ ಚರ್ಮಕ್ಕೆ ತಂಪೆನಿಸುತ್ತದೆ. ಆದರೆ ವಾಸನೆಯೇ ಕೆಲವರ ವಾಕರಿಕೆಯನ್ನು ಹೆಚ್ಚಿಸುತ್ತದೆ. ಹಣೆ ಸುಡುವ, ಗಾಯ ಮಾಡುವ ಉಪಚಾರಗಳಿಂದ ಸೋಂಕಿನ ಹೊರತು ಬೇರೇನೂ ಸಿಗದು.

ಮಾತ್ರೆಯ ವಿಷಯದಲ್ಲಿ ಆಗುವ ದೊಡ್ಡ ತಪ್ಪು ತಡಮಾಡುವುದು. ತಾನಾಗಿಯೇ ಇಳಿಯಲೆಂದು ಕಾಯುತ್ತ, ವಾಂತಿ ಶುರುವಾದ ಮೇಲೆ ಮಾತ್ರೆ ನುಂಗುವವರೇ ಹೆಚ್ಚು. ಮೈಗ್ರೇನ್ ಏರಿದಂತೆ ಜಠರದ ಚಲನೆ ನಿಧಾನವಾಗುವುದರಿಂದ ಆಗ ನುಂಗಿದ ಮಾತ್ರೆ ಹೊಟ್ಟೆಯಲ್ಲೇ ಕೂರುತ್ತದೆ, ರಕ್ತಕ್ಕೆ ಬೇಗ ಸೇರುವುದಿಲ್ಲ. ನೋವು ಇನ್ನೂ ಸಣ್ಣದಿರುವಾಗಲೇ, ಸಾಕಷ್ಟು ಪ್ರಮಾಣದಲ್ಲಿ ತೆಗೆದುಕೊಂಡರೆ ಅದೇ ಮಾತ್ರೆ ಕೆಲಸ ಮಾಡುತ್ತದೆ. ವಯಸ್ಕರಿಗೆ ಪ್ಯಾರಸಿಟಮಾಲ್ 1000 ಮಿ.ಗ್ರಾಂ, ಐಬುಪ್ರೊಫೆನ್ 400 ಮಿ.ಗ್ರಾಂ ಅಥವಾ ನ್ಯಾಪ್ರೊಕ್ಸೆನ್ 500 ಮಿ.ಗ್ರಾಂ ವಾಡಿಕೆಯ ಪ್ರಮಾಣಗಳು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇದ್ದವರು ಕೊನೆಯ ಎರಡನ್ನು ಬಳಸಬಾರದು. ವಾಂತಿ ತಡೆಯುವ ಮಾತ್ರೆ ಜೊತೆಗಿದ್ದರೆ ನೋವಿನ ಮಾತ್ರೆಯೂ ಬೇಗ ಒಳಸೇರುತ್ತದೆ. ಹದಿನಾರರೊಳಗಿನ ಮಕ್ಕಳಿಗೆ ಆಸ್ಪಿರಿನ್ ಸಲ್ಲದು.

ಇವುಗಳಿಂದ ಇಳಿಯದಿದ್ದರೆ ಟ್ರಿಪ್ಟಾನ್ ವರ್ಗದ ಔಷಧಗಳಿವೆ. ಇವುಗಳಲ್ಲಿ ಮೊದಲನೆಯದಾದ ಸುಮಾಟ್ರಿಪ್ಟಾನ್ 1991ರಲ್ಲಿ ಮಾರುಕಟ್ಟೆಗೆ ಬಂತು. ಅದೂ ರಿಜಾಟ್ರಿಪ್ಟಾನ್ ಕೂಡ ಭಾರತದಲ್ಲಿ ಸಿಗುತ್ತವೆ. ಹೃದ್ರೋಗ, ಲಕ್ವ, ಹತೋಟಿಗೆ ಬಾರದ ರಕ್ತದೊತ್ತಡ ಇರುವವರಿಗೆ ಇವನ್ನು ಕೊಡುವುದಿಲ್ಲ. ಅದಕ್ಕೂ ಮುಂಚಿನಿಂದ ಬಳಕೆಯಲ್ಲಿರುವ ಅರ್ಗಟಮಿನ್ ಬೆರೆತ ಮಾತ್ರೆಗಳು ಅಗ್ಗವಾದ್ದರಿಂದ ನಮ್ಮಲ್ಲಿ ಇನ್ನೂ ಹೆಚ್ಚು ಮಾರಾಟವಾಗುತ್ತವೆ. ಅವು ರಕ್ತನಾಳಗಳನ್ನು ಬಿಗಿಗೊಳಿಸುವುದರಿಂದ ಬಸುರಿಯರಿಗೂ ಹೃದ್ರೋಗಿಗಳಿಗೂ ಅಪಾಯಕರ.

ಮಾತ್ರೆಯೇ ನೋವಾಗುವುದು

ಕಿರಾಣಿ ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ತಲೆನೋವಿನ ಮಾತ್ರೆ ಮೊದಲು ತಿಂಗಳಿಗೊಂದು, ಆಮೇಲೆ ವಾರಕ್ಕೊಂದು, ಕೊನೆಗೆ ಚಹಾದ ಜೊತೆ ದಿನಕ್ಕೊಂದು ಎಂಬಂತೆ ಬೆಳೆಯುತ್ತದೆ. ಹೀಗಾದಾಗ ಮಿದುಳು ಇನ್ನಷ್ಟು ಕೆರಳುವ ಸ್ಥಿತಿಗೆ ಹೊರಳಿ, ಮಾತ್ರೆಯ ಬಲ ಇಳಿದ ಕೂಡಲೆ ನೋವು ಮತ್ತೆ ಏಳುತ್ತದೆ. ಪ್ಯಾರಸಿಟಮಾಲ್, ಐಬುಪ್ರೊಫೆನ್‌ನಂಥ ಒಂಟಿ ಔಷಧಗಳನ್ನು ತಿಂಗಳಿಗೆ 15 ದಿನ, ಕೆಫೀನ್ ಮುಂತಾದವು ಬೆರೆತ ಮಾತ್ರೆ, ಟ್ರಿಪ್ಟಾನ್, ಅರ್ಗಟಮಿನ್‌ಗಳನ್ನು 10 ದಿನ, ಹೀಗೆ ಮೂರು ತಿಂಗಳಿಗೂ ಮೀರಿ ನುಂಗಿದವರು ಈ ಬಲೆಯಲ್ಲಿರುತ್ತಾರೆ. ಲೆಕ್ಕ ಇಡಬೇಕಾದದ್ದು ಮಾತ್ರೆಗಳ ಸಂಖ್ಯೆಯನ್ನಲ್ಲ, ಮಾತ್ರೆ ತೆಗೆದುಕೊಂಡ ದಿನಗಳನ್ನು. ಮಾತ್ರೆ ಬಿಟ್ಟ ಮೊದಲ ಒಂದೆರಡು ವಾರ ನೋವು ಹೆಚ್ಚುತ್ತದೆ. ಇದನ್ನು ಮೊದಲೇ ತಿಳಿಸದೆ ಹೋದರೆ ರೋಗಿ ಮೂರನೆಯ ದಿನವೇ ಅಂಗಡಿಗೆ ಮರಳುತ್ತಾರೆ. ಆ ಅವಧಿಯನ್ನು ದಾಟಿದವರಲ್ಲಿ ಬಹಳಷ್ಟು ಮಂದಿಗೆ ನೋವಿನ ದಿನಗಳು ಇಳಿಯುತ್ತವೆ.

ತಡೆಯುವ ಚಿಕಿತ್ಸೆ

ತಿಂಗಳಿಗೆ ನಾಲ್ಕು ದಿನಕ್ಕಿಂತ ಹೆಚ್ಚು ನೋವಿದ್ದರೆ, ಅಥವಾ ಕಡಿಮೆ ದಿನಗಳಾದರೂ ಪ್ರತಿ ಸಲ ಹಾಸಿಗೆ ಹಿಡಿಸುವಂತಿದ್ದರೆ, ದಿನವೂ ತೆಗೆದುಕೊಳ್ಳುವ ತಡೆಮದ್ದು ಬೇಕಾಗುತ್ತದೆ. ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲೀನ್, ಫ್ಲುನಾರಿಜೀನ್, ಟೋಪಿರಾಮೇಟ್ ಇವು ಭಾರತದಲ್ಲಿ ಸಾಮಾನ್ಯ. ಮೊದಲ ಎರಡು ಬಹಳ ಅಗ್ಗ. ಜನೌಷಧಿ ಕೇಂದ್ರಗಳಲ್ಲಿ ಇನ್ನೂ ಕಡಿಮೆಗೆ ದೊರೆಯುತ್ತವೆ. ಉಬ್ಬಸವಿದ್ದವರಿಗೆ ಪ್ರೊಪ್ರನೊಲಾಲ್ ಆಗದು. ಅಮಿಟ್ರಿಪ್ಟಿಲೀನ್ ನಿದ್ದೆ ತರಿಸುವುದರಿಂದ ಅದನ್ನು ರಾತ್ರಿ 10 ಮಿ.ಗ್ರಾಂನಿಂದ ಆರಂಭಿಸುತ್ತಾರೆ, ನಿದ್ದೆ ಕೆಟ್ಟವರಿಗೆ ಅದೇ ಅನುಕೂಲ. ಫಲ ಕಾಣಲು ಎಂಟು ವಾರವಾದರೂ ಬೇಕು. ಹದಿನೈದು ದಿನಕ್ಕೇ ಬಿಟ್ಟು ‘ನಾಟಲಿಲ್ಲ’ ಎನ್ನುವುದು ಈ ಔಷಧಗಳು ಸೋಲುವ ಮುಖ್ಯ ದಾರಿ. ನೋವಿನ ದಿನಗಳು ಅರ್ಧಕ್ಕಿಳಿದರೆ ಚಿಕಿತ್ಸೆ ಗೆದ್ದಂತೆಯೇ. ಪೂರ್ತಿ ನಿಲ್ಲಬೇಕೆಂಬ ನಿರೀಕ್ಷೆ ಬೇಡ. 2018ರಿಂದ ಬಳಕೆಗೆ ಬಂದ ಸಿಜಿಆರ್‌ಪಿ ತಡೆಯುವ ಚುಚ್ಚುಮದ್ದುಗಳು ಪರಿಣಾಮಕಾರಿ, ಆದರೆ ಬೆಲೆಯಿಂದಾಗಿ ಸದ್ಯಕ್ಕೆ ಹಳ್ಳಿಯ ಕೈಗೆಟುಕುವಂಥವಲ್ಲ.

ಯೋಗಾಭ್ಯಾಸಕ್ಕೆ ಪ್ರಯೋಗದ ಆಧಾರವಿದೆ. ದೆಹಲಿಯ ಏಮ್ಸ್‌ನಲ್ಲಿ 114 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಔಷಧವನ್ನಷ್ಟೇ ತೆಗೆದುಕೊಂಡವರಿಗಿಂತ ಔಷಧದ ಜೊತೆ ಯೋಗ ಮಾಡಿದವರ ನೋವಿನ ಸರದಿ, ತೀವ್ರತೆ ಎರಡೂ ಹೆಚ್ಚು ಇಳಿದವು. ಮೂಗಿಗೆ ಔಷಧ ಬಿಡುವ ಆಯುರ್ವೇದದ ನಸ್ಯ ಚಿಕಿತ್ಸೆಯನ್ನು ತರಬೇತಾದ ವೈದ್ಯರಿಂದಲೇ ಪಡೆಯಬೇಕು.

ಹೆಂಗಸರ ಬದುಕಿನ ಹಂತಗಳಲ್ಲಿ

ಮುಟ್ಟಿಗೆ ಎರಡು ದಿನ ಮೊದಲಿನಿಂದ ಮೂರನೆಯ ದಿನದವರೆಗೆ ಬರುವ ಮೈಗ್ರೇನ್ ಈಸ್ಟ್ರೊಜೆನ್ ಇಳಿತದ ಫಲ; ಅದು ಉಳಿದ ದಿನಗಳದ್ದಕ್ಕಿಂತ ಜಿಗುಟು. ರಕ್ತಹೀನತೆ ತಲೆನೋವಿಗೂ ದಣಿವಿಗೂ ದಾರಿ ಮಾಡುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15–49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಕಂಡಿದ್ದರಿಂದ, ತಲೆನೋವೆಂದು ಬಂದವರ ಹಿಮೋಗ್ಲೋಬಿನ್ ನೋಡದೆ ಕಳಿಸಬಾರದು.

ಮುನ್ಸೆಳಕಿನ ಮೈಗ್ರೇನ್ ಇರುವವರು ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳಬಾರದು. ಲಕ್ವದ ಅಪಾಯ ಹೆಚ್ಚುತ್ತದೆ. ಆಶಾ ಕಾರ್ಯಕರ್ತೆಯರು ಹಂಚುವ ಮಾಲಾ-ಎನ್ ಅಂಥ ಗುಳಿಗೆ. ಹಾರ್ಮೋನಿಲ್ಲದ ವಾರದ ಗುಳಿಗೆ ಛಾಯಾ, ಕಾಪರ್-ಟಿ ಇವರಿಗೆ ಸೂಕ್ತ. ಗುಳಿಗೆ ಕೊಡುವ ಮುನ್ನ ‘ತಲೆನೋವಿಗೆ ಮುಂಚೆ ಕಣ್ಣ ಮುಂದೆ ಮಿಂಚಿನಂತೆ ಕಾಣುತ್ತದೆಯೇ’ ಎಂಬ ಒಂದೇ ಪ್ರಶ್ನೆ ಕೇಳಿದರೆ ಈ ಅಪಾಯವನ್ನು ತಪ್ಪಿಸಬಹುದು.

ಗರ್ಭಿಣಿಯರಲ್ಲಿ ಮೊದಲ ಮೂರು ತಿಂಗಳ ನಂತರ ನೋವು ಸಾಮಾನ್ಯವಾಗಿ ಇಳಿಯುತ್ತದೆ. ಮಾತ್ರೆ ಬೇಕಾದರೆ ಪ್ಯಾರಸಿಟಮಾಲ್ ಮೊದಲ ಆಯ್ಕೆ. ಗರ್ಭ ಧರಿಸಬಹುದಾದ ವಯಸ್ಸಿನವರಿಗೆ ವ್ಯಾಲ್‌ಪ್ರೊಯೇಟನ್ನು ಮೈಗ್ರೇನಿಗಾಗಿ ಕೊಡಬಾರದು. ಐದು ತಿಂಗಳ ನಂತರ ಹೊಸದಾಗಿ ಕಾಣುವ ತಲೆನೋವು, ಕಣ್ಣು ಮಂಜು, ಮುಖ ಊತ ರಕ್ತದೊತ್ತಡ ಏರಿದ ಸೂಚನೆ. ಅದೇ ದಿನ ಪರೀಕ್ಷೆಯಾಗಬೇಕು. ಬಾಣಂತಿಯ ತಲೆನೋವು ಇನ್ನೂ ಎಚ್ಚರ ಬೇಡುತ್ತದೆ. ಹೆರಿಗೆಯ ನಂತರ ಮಿದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಕಾಯಿಲೆಯನ್ನು ನಿಮ್ಹಾನ್ಸ್‌ನ ವೈದ್ಯರು ದಶಕಗಳಿಂದ ವಿಪುಲವಾಗಿ ಕಂಡು ವರದಿ ಮಾಡಿದ್ದಾರೆ. ಬಾಣಂತಿಗೆ ನೀರು ಕೊಡಬಾರದೆಂಬ ಪದ್ಧತಿ ರಕ್ತವನ್ನು ಗಟ್ಟಿಯಾಗಿಸಿ ಈ ಅಪಾಯವನ್ನು ಹೆಚ್ಚಿಸುತ್ತದೆ. ಇದನ್ನು ಬಿಡಿಸಲೇಬೇಕು. ಹೆರಿಗೆಯಾದ ಮೊದಲ ವಾರಗಳಲ್ಲಿ ಬಿಡದೆ ಏರುವ ತಲೆನೋವು, ಫಿಟ್ಸ್, ಕೈಕಾಲು ಸೋಲುವುದು ಕಂಡರೆ ದೃಷ್ಟಿ ತೆಗೆಯುತ್ತ ಹೊತ್ತು ಕಳೆಯದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ತಡಮಾಡಬಾರದ ತಲೆನೋವು

ಕ್ಷಣಮಾತ್ರದಲ್ಲಿ ಉತ್ತುಂಗಕ್ಕೇರುವ ನೋವು, ಜ್ವರದೊಡನೆ ಕುತ್ತಿಗೆ ಸೆಟೆಯುವುದು, ಪ್ರಜ್ಞೆ ಮಂಕಾಗುವುದು, ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು, ಐವತ್ತರ ನಂತರ ಮೊದಲ ಸಲ ಕಾಣುವ ನೋವು, ಮಲಗಿದರೆ ಅಥವಾ ಕೆಮ್ಮಿದರೆ ಹೆಚ್ಚುವ ನೋವು, ಹಳೆಯ ನೋವಿನ ರೀತಿಯೇ ಬದಲಾಗುವುದು, ಇವು ಮೈಗ್ರೇನ್ ಎಂದು ಮನೆಯಲ್ಲಿ ಮಲಗಿಸುವಂಥವಲ್ಲ. ಸ್ಕ್ಯಾನ್ ಬೇಕಾಗುವುದು ಇಂಥ ಸಂದರ್ಭಗಳಲ್ಲಿ. ವರ್ಷಗಳಿಂದ ಒಂದೇ ಬಗೆಯಲ್ಲಿ ಬಂದುಹೋಗುವ ಮೈಗ್ರೇನಿಗೆ ಸಾಲ ಮಾಡಿ ಸ್ಕ್ಯಾನ್ ಮಾಡಿಸುವ ಅಗತ್ಯವಿಲ್ಲ.

ಸೇವೆಗಳು

ಬೋನಾಳದ ಕಡೆಯವರಿಗೆ ಹತ್ತಿರದ ಆಸರೆ ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಸುರಪುರದ ತಾಲ್ಲೂಕು ಆಸ್ಪತ್ರೆ. ನರರೋಗ ತಜ್ಞರಿಗಾಗಿ ಬಹುಮಟ್ಟಿಗೆ ಕಲಬುರಗಿಗೆ ಹೋಗುತ್ತಾರೆ. ಮೈಗ್ರೇನಿನ ಬಹುಪಾಲು ಚಿಕಿತ್ಸೆಗೆ ತಜ್ಞರು ಬೇಕಿಲ್ಲ, ತರಬೇತಾದ ಎಂಬಿಬಿಎಸ್ ವೈದ್ಯರೇ ಸಾಕು. ರಾಜ್ಯ ಆರೋಗ್ಯ ಇಲಾಖೆ ಮತ್ತು ನಿಮ್ಹಾನ್ಸ್ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ ಈ ನಂಬಿಕೆಯ ಮೇಲೆಯೇ ನಿಂತಿದೆ. ತಲೆನೋವು, ಮೂರ್ಛೆರೋಗ, ಪಾರ್ಶ್ವವಾಯು, ಮರೆಗುಳಿತನಗಳನ್ನು ಗುರುತಿಸಿ ಚಿಕಿತ್ಸೆ ನೀಡಲು ಪ್ರಾಥಮಿಕ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಡುವುದು ಅದರ ಉದ್ದೇಶ. ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನಲ್ಲಿ ಮೊದಲು ನಡೆದು, ಮುಂದೆ ಜಿಲ್ಲಾ ಆಸ್ಪತ್ರೆಗಳಲ್ಲಿ ಮಿದುಳು ಆರೋಗ್ಯ ಕ್ಲಿನಿಕ್‌ಗಳ ರೂಪದಲ್ಲಿ ವಿಸ್ತರಿಸಿತು.

ವೈದ್ಯರ ಬಳಿಗೆ ಹೋಗುವವರು ಒಂದು ಗೋಡೆ ಕ್ಯಾಲೆಂಡರಿನಲ್ಲಿ ನೋವು ಬಂದ ದಿನ, ಮಾತ್ರೆ ತೆಗೆದುಕೊಂಡ ದಿನ, ಮುಟ್ಟಿನ ದಿನಗಳನ್ನು ಬೇರೆ ಬೇರೆ ಗುರುತುಗಳಿಂದ ತೋರಿಸಿ ಒಯ್ದರೆ ಅರ್ಧ ರೋಗನಿರ್ಣಯ ಆಗಿಹೋಗುತ್ತದೆ. ಓದು ಬಾರದವರೂ ಇದನ್ನು ಮಾಡಬಲ್ಲರು. ಮೂರು ತಿಂಗಳ ಅಂಥ ಹಾಳೆ ನೋಡಿದ ವೈದ್ಯರಿಗೆ ತಡೆಮದ್ದು ಬೇಕೇ, ಮಾತ್ರೆಯ ಅತಿಬಳಕೆ ಇದೆಯೇ, ಮುಟ್ಟಿನ ನಂಟಿದೆಯೇ ಎಂಬುದು ಸ್ಪಷ್ಟವಾಗುತ್ತದೆ. ಔಷಧ ಆರಂಭಿಸಿದ ಮೇಲೆ ಫಲವನ್ನು ಅಳೆಯುವುದೂ ಆ ಹಾಳೆಯಿಂದಲೇ.